ಮೊದಲು ಜಗಲಿ, ಆಮೇಲೆ ಮನೆ: ಕಾಸರಗೋಡಿನ ಮಳೆಗೆ ಒಗ್ಗುವ ಹಾಗೆ ಒಳಗನ್ನೂ ಹೊರಗನ್ನೂ ಸೇರಿಸುವುದು ಹೇಗೆ

ನಮ್ಮ ಮನೆಗೆ ಹತ್ತು ಅಡಿ ಅಗಲದ ಗಾಜಿನ ಬಾಗಿಲು ಇತ್ತು. ಚಾವಡಿಯಲ್ಲಿ (ಮನೆಯ ಮುಂದಿನ ಹಜಾರದಲ್ಲಿ) ಕೂತರೆ ತೋಟ ಕಾಣಬೇಕು, ಬಾಗಿಲು ಸರಿಸಿದರೆ ಮನೆ ಯಾವುದು ತೋಟ ಯಾವುದು ಅಂತ ಗೊತ್ತಾಗಬಾರದು ಅಂತ ಆಸೆಪಟ್ಟು ಪಡು ದಿಕ್ಕಿಗೆ ಹಾಕಿಸಿದ್ದೆ. ಮೇ ತಿಂಗಳಲ್ಲಿ ಒಕ್ಕಲಾಯಿತು. ಮಧ್ಯಾಹ್ನ ಎರಡು ಗಂಟೆ ಕಳೆದರೆ ಚಾವಡಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಜೂನ್ ಮೊದಲ ವಾರ ಪಡುಗಾಳಿಯ ಜೊತೆ ಮಳೆ ಹೊಡೆಯಿತು. ಬಾಗಿಲಿನ ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಗೆ ಹರಿಯಿತು. ಹೊಸ ಮನೆಯ ನೆಲದ ಮೇಲೆ ಗೋಣಿಚೀಲ ಹಾಸಿದ್ದೆವು. ಅಮ್ಮ ಏನೂ ಹೇಳಲಿಲ್ಲ, ಹಳೆಮನೆಯಿಂದ ಇನ್ನೆರಡು ಗೋಣಿ ತಂದು ಕೊಟ್ಟರು.

ಪ್ಲಾನ್ ಬರೆದುಕೊಟ್ಟವರನ್ನು ದೂರಿ ಪ್ರಯೋಜನವಿಲ್ಲ. ಕೇಳಿದ್ದು ನಾನೇ. ಮೊಬೈಲಿನಲ್ಲಿ ನೋಡಿದ ಮನೆಯ ಚಿತ್ರಗಳೆಲ್ಲ ಮಳೆ ಕಡಿಮೆಯಿರುವ ಊರಿನವು. ನಮ್ಮದು ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಾಗ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಓರೆಯಾಗಿ ಬೀಳುತ್ತದೆ. ಇಲ್ಲಿ ಒಳಗಿಗೂ ಹೊರಗಿಗೂ ನಡುವೆ ಒಂದು ಗಾಜು ಇಟ್ಟರೆ ಸಾಲದು, ಒಂದು ಜಾಗವೇ ಬೇಕು. ಅದಕ್ಕೆ ನಮ್ಮಲ್ಲಿ ಹೆಸರು ಮೊದಲೇ ಇದೆ: ಜಗಲಿ. ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಈಗ ಮನೆ ಕಟ್ಟಲು ಹೊರಟವರಿಗೆ ಉಪಯೋಗವಾಗಲಿ ಅಂತ, ನಾನು ಎಡವಿದ್ದನ್ನೂ ಆಮೇಲೆ ಸರಿಮಾಡಿಕೊಂಡಿದ್ದನ್ನೂ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಒಂದು: ಜಾಗದಲ್ಲಿ ನಿಂತು ನೋಡಿ

ಪೇಪರ್ ಮೇಲೆ ಗೆರೆ ಎಳೆಯುವ ಮೊದಲು ಜಾಗದಲ್ಲಿ ಒಂದು ಮಳೆಗಾಲ ಕಳೆಯಬೇಕು. ಅಲ್ಲೇ ವಾಸ ಮಾಡಬೇಕೆಂದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಕೊಡೆ ಹಿಡಿದು ಮೂರು ಸಲ ಹೋಗಿ ನಿಂತರೂ ಸಾಕು. ಗುಡ್ಡೆಯಿಂದ ನೀರು ಯಾವ ದಾರಿಯಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಸಂದಿಯಿಂದ ಬರುತ್ತದೆ ಅಂತ ಕಣ್ಣಾರೆ ನೋಡಿ. ನೀರಿನ ದಾರಿಗೆ ಅಡ್ಡವಾಗಿ ಮನೆ ಕೂರಿಸಿದರೆ ಎಷ್ಟು ಕಣಿ ತೋಡಿದರೂ ಅದು ವರ್ಷವರ್ಷ ಬಂದು ಬಾಗಿಲು ತಟ್ಟುತ್ತದೆ.

ಬಿಸಿಲಿನ ಲೆಕ್ಕ ಬೇರೆ. ಕಾಸರಗೋಡು ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಮೂರನೇ ವಾರದ ತನಕ ಅವನು ಬಡಗಿಗೆ ವಾಲಿರುತ್ತಾನೆ. ಜೂನ್ ಮೇಲೆ ಮೋಡವಿರುವುದರಿಂದ ನಮಗೆ ನಿಜವಾಗಿ ಕಾಡುವುದು ಮೇ ತಿಂಗಳು. ಡಿಸೆಂಬರಿನಲ್ಲಿ ಅವನು ತೆಂಕಿಗೆ ಇಳಿದಿರುತ್ತಾನೆ. ಆಗ ತೆಂಕು ಗೋಡೆಯ ಕಿಟಕಿಗೆ ಮೂರಡಿ ಮುಂಚಾಚಿದ ಮಾಡು (ಛಾವಣಿ) ಇದ್ದರೆ ಮಧ್ಯಾಹ್ನದ ಹೊತ್ತು ಅದರ ಕೆಳಗೆ ಸುಮಾರು ನಾಲ್ಕು ಅಡಿ ನೆರಳು ಸಿಗುತ್ತದೆ. ಪಡು ಬದಿಯ ಬಿಸಿಲನ್ನು ಮಾತ್ರ ಹೀಗೆ ತಡೆಯಲಾಗದು. ಸಂಜೆಯ ಸೂರ್ಯ ಮಾಡಿನ ಅಡಿಯಿಂದಲೇ ಒಳಗೆ ನುಗ್ಗುತ್ತಾನೆ. ಅದಕ್ಕೆ ಅಡ್ಡ ನಿಲ್ಲುವಂಥದ್ದೇ ಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೆಲದ ಅಡಿಯನ್ನೂ ವಿಚಾರಿಸಿ. ಬಾಯಾರು, ಪೆರ್ಲ, ಪಡ್ರೆ ಬದಿಯ ಗುಡ್ಡೆಗಳಲ್ಲಿ ನೀರಿಗಾಗಿ ಕೊರೆದ ಹಳೆಯ ಸುರಂಗಗಳಿವೆ. ಬಾಯಿ ಮುಚ್ಚಿಹೋಗಿ ಮಕ್ಕಳಿಗೆ ಗೊತ್ತೇ ಇಲ್ಲದವೂ ಇರುತ್ತವೆ. ನೆರೆಮನೆಯ ಅಜ್ಜನ ಹತ್ತಿರ ಒಂದು ಸಂಜೆ ಕೂತು ಕೇಳಿದರೆ ಪಾಯದ ಖರ್ಚು ಉಳಿದೀತು. ಇನ್ನೊಂದು, ಜೆಸಿಬಿ ತಂದು ಗುಡ್ಡೆಯನ್ನು ನೆಟ್ಟಗೆ ಕಡಿಯುವ ಚಟ. ಮೇಲಿನ ಮುರಕಲ್ಲು (ಕೆಂಪುಕಲ್ಲು) ಗಟ್ಟಿ ನಿಜ, ಅದರಡಿಯ ಜೇಡಿ ಗಟ್ಟಿಯಲ್ಲ. ಕಡಿದ ದರೆಯಲ್ಲಿ ಜೇಡಿ ಹೊರಗೆ ಕಂಡರೆ ಒಂದೆರಡು ಮಳೆಗಾಲದಲ್ಲಿ ಅದು ಕರಗಿ, ಮೇಲಿನದ್ದು ಹಿತ್ತಿಲಿಗೆ ಬಂದು ಕೂರುತ್ತದೆ. ಗುಡ್ಡೆ ಕಡಿದು ಸಮತಟ್ಟು ಮಾಡುವ ಬದಲು ಮನೆಯನ್ನೇ ಎರಡು ಮಟ್ಟ ಮಾಡಿ. ಎರಡು ಮಟ್ಟದ ಮನೆಗೆ ಎರಡು ಅಂಗಳ ಸುಮ್ನೆ ಸಿಗುತ್ತದೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ನಿಮ್ಮ ಜಾಗ ಗ್ರಾಮ ಕಚೇರಿಯ ದಾಖಲೆಯಲ್ಲಿ ‘ಪುರಯಿಡಂ’ (ಮನೆ ಹಿತ್ತಿಲಿನ ಜಾಗ) ಅಂತಿದೆಯೋ ‘ನಿಲಂ’ (ಗದ್ದೆ) ಅಂತಿದೆಯೋ ಮೊದಲು ನೋಡಿ. ನಿಲಂ ಅಂತಿದ್ದರೆ, ಈಗ ಅದರಲ್ಲಿ ತೆಂಗೇ ಇದ್ದರೂ, ಕೇರಳದ 2008ರ ಗದ್ದೆ ಸಂರಕ್ಷಣೆ ಕಾನೂನು ಅಡ್ಡ ಬರುತ್ತದೆ. ಪಂಚಾಯತಿನಲ್ಲಿ ಗಡಿಯಿಂದ ಗೋಡೆಗೆ ಎಷ್ಟು ದೂರ ಬಿಡಬೇಕು ಅಂತ ಮಾತ್ರ ಕೇಳಬೇಡಿ, ಮಾಡಿನ ಅಂಚು ಎಲ್ಲಿಯವರೆಗೆ ಬರಬಹುದು ಅಂತಲೂ ಕೇಳಿ. ಉದ್ದ ಮಾಡಿನ ಮನೆಗೆ ಈ ಎರಡನೇ ಪ್ರಶ್ನೆಯೇ ಮುಖ್ಯ.

ಎರಡು: ಕೋಣೆಗಳನ್ನು ಬಿಡಿ, ಕೆಲಸಗಳನ್ನು ಬರೆಯಿರಿ

ಮೂರು ಬೆಡ್‌ರೂಮ್, ಒಂದು ಸಿಟೌಟ್, ಕಿಚನ್, ವರ್ಕ್ ಏರಿಯಾ. ನಮ್ಮ ಜಿಲ್ಲೆಯಲ್ಲಿ ಎಲ್ಲರ ಪಟ್ಟಿಯೂ ಹೀಗೇ ಶುರುವಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು, ನಿಮ್ಮ ಮನೆಯವರು ಈಗ ಹೊರಗೆ ಏನೇನು ಮಾಡುತ್ತಾರೆ ಅಂತ ಬರೆಯಿರಿ. ನಮ್ಮ ಪಟ್ಟಿ ಹೀಗಿತ್ತು: ಅಪ್ಪ ಪೇಪರ್ ಓದುವುದು, ತೋಟದ ಕೆಲಸದವರು ಚಾ ಕುಡಿಯುವುದು, ಹಲಸಿನಕಾಯಿ ಕೊಚ್ಚುವುದು, ಮೀನು ತೊಳೆಯುವ ನೆರೆಯವರಂತೆ ನಮಗೂ ಒಂದು ಹೊರಗಿನ ನಲ್ಲಿ, ಒದ್ದೆ ಬಟ್ಟೆ, ಮಗಳ ಸೈಕಲ್, ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಸುಮ್ಮನೆ ಕೂರುವುದು. ಅಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದರು, “ಅದೆಲ್ಲ ಸರಿ, ಅಡಿಕೆ ಎಲ್ಲಿ ಒಣಗಿಸುವುದು?”

ಆ ಒಂದು ಪ್ರಶ್ನೆಗೆ ಪ್ಲಾನ್ ತಿರುಗಿತು. ಅಡಿಕೆ ಒಣಗಲು ಒಂದೂವರೆ ತಿಂಗಳು ಒಳ್ಳೆ ಬಿಸಿಲು ಬೇಕು. ಅಂಗಳಕ್ಕೆ ಮರದ ನೆರಳು ಬೀಳಬಾರದು, ಮನೆಯ ನೆರಳೂ ಬೀಳಬಾರದು. ಚಳಿಗಾಲದಲ್ಲಿ ಸೂರ್ಯ ತೆಂಕಿಗಿರುವುದರಿಂದ ಮನೆಯ ಬಡಗು ಬದಿ ನೆರಳು ಉದ್ದ. ಆದ್ದರಿಂದ ಅಡಿಕೆಯ ಅಂಗಳ ಮೂಡಿಗೆ ಇಲ್ಲವೇ ತೆಂಕಿಗೆ ಇರಬೇಕು. ಕೂತು ಹರಟುವ ಜಾಗಕ್ಕೆ ಬೇಕಾದ್ದು ಇದಕ್ಕೆ ಉಲ್ಟಾ. ಅದಕ್ಕೆ ಬಡಗು ಬದಿಯೇ ಚೆಂದ. ಒಂದೇ ಅಂಗಳಕ್ಕೆ ಎಲ್ಲ ಕೆಲಸ ಹೇರಬಾರದು ಅಂತ ಹೀಗೆ ಲೆಕ್ಕ ಹಾಕುವಾಗಲೇ ಗೊತ್ತಾಗುವುದು.

ಅಡಿಕೆ ಇಲ್ಲದವರಿಗೂ ಇದೇ ಲೆಕ್ಕ. ಹತ್ತು ಸೆಂಟ್ಸ್ ಜಾಗದಲ್ಲೂ ಒಂದು ಬಿಸಿಲಿನ ಅಂಗಳ, ಒಂದು ನೆರಳಿನ ಮೂಲೆ ಹೊಂದಿಸಬಹುದು.

ಮೂರು: ಜಗಲಿಯನ್ನು ಮೊದಲು ಬರೆಯಿರಿ

ಇದೇ ಇಡೀ ಕೆಲಸದ ಜೀವ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪ್ಲಾನ್ ಅಲ್ಲ, ಸೆಕ್ಷನ್ ಬರೆಯಿಸಿ. ಅಂದರೆ ಮನೆಯನ್ನು ಹಲಸಿನಹಣ್ಣಿನ ಹಾಗೆ ಸೀಳಿ ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಆ ಚಿತ್ರ. ಅದರಲ್ಲಿ ಮೂರು ಅಳತೆ ಗಮನಿಸಿ: ಜಗಲಿಯ ಅಗಲ, ಮಾಡಿನ ಅಂಚು ಜಗಲಿಯ ನೆಲದಿಂದ ಎಷ್ಟು ಎತ್ತರ, ಮಾಡು ಜಗಲಿ ದಾಟಿ ಎಷ್ಟು ಮುಂದೆ ಬಂದಿದೆ.

ಗಾಳಿಮಳೆ 45 ಡಿಗ್ರಿ ಓರೆಯಾಗಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಮಾಡಿನ ಅಂಚು 7 ಅಡಿ ಎತ್ತರದಲ್ಲಿದ್ದು 3 ಅಡಿ ಮುಂದೆ ಬಂದಿದ್ದರೆ, ಎರಚಲು ಜಗಲಿಯೊಳಗೆ 4 ಅಡಿ ಬರುತ್ತದೆ. ಏಳರಲ್ಲಿ ಮೂರು ಕಳೆದರೆ ನಾಲ್ಕು, ಅಷ್ಟೇ. ಜಗಲಿ 8 ಅಡಿ ಅಗಲವಿದ್ದರೆ ಒಳಬದಿಯ 4 ಅಡಿ ಒಣಗಿರುತ್ತದೆ. ಅಲ್ಲಿ ಬೆಂಚು ಹಾಕಬಹುದು, ಕುರ್ಚಿ ಹಾಕಬಹುದು, ಜಡಿಮಳೆಗೂ ಕೂರಬಹುದು. ಈಗಿನ 5 ಅಡಿಯ ಸಿಟೌಟ್‌ಗೆ ಇದೇ ಮಾಡು ಇದ್ದರೂ ಒಣಗಿದ ಜಾಗ ಉಳಿಯುವುದು ಒಂದು ಅಡಿ. ಚಪ್ಪಲಿ ಇಡಲು ಸಾಕು. ಇನ್ನು ಎರಡು ಮಹಡಿ ಎತ್ತರದ ಕಂಬ ನಿಲ್ಲಿಸಿ ಮೇಲೆಲ್ಲೋ ಚಪ್ಪಡಿ ಹಾಕುತ್ತಾರಲ್ಲ, ಅದರ ಕೆಳಗೆ ಮಳೆಗಾಲದಲ್ಲಿ ನಿಲ್ಲುವವರು ಯಾರೂ ಇಲ್ಲ. ನೋಡುವವರಿಗೆ ಭಾರೀ ಗತ್ತು, ಇರುವವರಿಗೆ ಒದ್ದೆ.

ಹಾಗಂತ ಅಂಚನ್ನು ಸುಮ್ನೆ ತಗ್ಗಿಸಲಾಗದು, ಇಳಿಜಾರಿನ ಲೆಕ್ಕವಿದೆ. ಮಂಗಳೂರು ಹಂಚಿಗೆ 30 ಡಿಗ್ರಿ ಆಸುಪಾಸಿನ ಇಳಿಜಾರು ಬೇಕು. ಎಂಟಡಿ ಜಗಲಿ, ಮೂರಡಿ ಮುಂಚಾಚು, ಒಟ್ಟು 11 ಅಡಿಗೆ ಮಾಡು 6 ಅಡಿ ಚಿಲ್ಲರೆ ಇಳಿಯುತ್ತದೆ. ಅಂಚು 7 ಅಡಿಯಲ್ಲಿರಬೇಕಾದರೆ ಗೋಡೆಯ ಹತ್ತಿರ ಅದು 13 ಅಡಿ ದಾಟಿರುತ್ತದೆ. ಅದಕ್ಕೇ ಜಗಲಿಗೆ ಬೇರೆ ಮಾಡು ಅಂಟಿಸುವ ಬದಲು ಮನೆಯ ಮಾಡನ್ನೇ ಕೆಳಗೆ ಎಳೆದು ತರಬೇಕು. ಹಳೆಯವರು ಮಾಡಿದ್ದೂ ಅದೇ. ಎತ್ತರದ ಆ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಬಿಟ್ಟರೆ ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ.

ನನ್ನ ಮೇಸ್ತ್ರಿಗೆ ಏಳಡಿ ಅಂಚು ಒಪ್ಪಿಗೆಯೇ ಇರಲಿಲ್ಲ. “ಮಾಷೆ, ತಲೆ ತಾಗುತ್ತದೆ,” ಅಂತ ಮೂರು ದಿನ ವಾದ ಮಾಡಿದರು. ತಾಗುವುದಿಲ್ಲ. ಅಂಗಳ ಜಗಲಿಗಿಂತ ಒಂದೂವರೆ ಅಡಿ ಕೆಳಗಿರುತ್ತದೆ, ಹಾಗಾಗಿ ಅಂಗಳದಲ್ಲಿ ನಿಂತವನಿಗೆ ಅಂಚು ಎಂಟೂವರೆ ಅಡಿ ಎತ್ತರದಲ್ಲಿರುತ್ತದೆ. ಒಂದೂವರೆ ಅಡಿ ಅನ್ನುವುದೂ ಲೆಕ್ಕವಿಟ್ಟೇ ಹೇಳಿದ್ದು. ಕಾಲು ಇಳಿಬಿಟ್ಟು ಕೂರಲು ಅದು ಸರಿಯಾದ ಎತ್ತರ. ಅಂಚಿಗೆ ಕಟ್ಟೆ ಕಟ್ಟಿ ಗ್ರಿಲ್ ಹಾಕಿದಿರೋ, ಆ ಸುಖ ಹೋಯಿತು.

ಜಗಲಿಯ ಯಾವ ಬದಿಗೆ ಪಡುಗಾಳಿ ಹೊಡೆಯುತ್ತದೋ ಆ ಬದಿಗೆ ಮಾತ್ರ ದಳಿ (ಸಂದಿ ಬಿಟ್ಟು ಪಟ್ಟಿ ಜೋಡಿಸಿದ ತಡೆ) ಹಾಕಿ. ಮರದ್ದು ದುಬಾರಿಯಾದರೆ ಸಿಮೆಂಟ್ ಜಾಲಿಯೋ ಇಟ್ಟಿಗೆಯ ಕಿಂಡಿ ಗೋಡೆಯೋ ಆಗುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಮನೆಗಳಲ್ಲಿ ಇಂಥ ಕಿಂಡಿ ಗೋಡೆ ಎಷ್ಟು ಬಗೆಯಲ್ಲಿ ಬಂದಿದೆ ನೋಡಿ: ಕಿಟಕಿಯ ಖರ್ಚಿಲ್ಲ, ಗಾಳಿ ಬರುತ್ತದೆ, ಬೆಳಕು ಚೂರುಚೂರಾಗಿ ಬೀಳುತ್ತದೆ, ಎರಚಲು ಹೆಚ್ಚಿನದು ಅಲ್ಲೇ ನಿಲ್ಲುತ್ತದೆ.

ಭಾಷೆಯದ್ದೊಂದು ಸಣ್ಣ ಎಚ್ಚರಿಕೆ. ನಮ್ಮೂರಲ್ಲಿ ಪ್ಲಾನ್ ಇಂಗ್ಲಿಷಿನಲ್ಲಿ, ಮೇಸ್ತ್ರಿ ಮಲಯಾಳದಲ್ಲಿ, ಆಚಾರಿ ತುಳುವಿನಲ್ಲಿ, ಮನೆಯೊಳಗೆ ಕನ್ನಡ. ‘ಜಗಲಿ’ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಚಿತ್ರ. ಉದ್ದಗಲ ಕೋಲಿನಲ್ಲಿ ಹೇಳಿದರೆ ಒಂದು ಕೋಲು ಅಂದರೆ 72 ಸೆಂಟಿಮೀಟರ್ ಅಂತ ನೆನಪಿರಲಿ. ಎಲ್ಲಕ್ಕಿಂತ ಒಳ್ಳೆಯದು, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಕುರ್ಚಿ ಹಾಕಿ ಕೂತು ತೋರಿಸುವುದು.

ನಾಲ್ಕು: ನಡುವಿನ ಬಾಗಿಲು

ನನ್ನ ಗಾಜಿನ ಬಾಗಿಲಿನ ಕಥೆ ಹೇಳಿದೆನಲ್ಲ. ಗಾಜೇ ಬೇಡ ಅಂತ ನಾನು ಹೇಳುವುದಿಲ್ಲ. ಎಂಟಡಿ ಜಗಲಿಯ ಒಳಬದಿಗೆ, ಬಡಗಿಗೋ ಮೂಡಿಗೋ ಮುಖ ಮಾಡಿ ಹಾಕಿದರೆ ಗಾಜು ಚೆನ್ನಾಗಿಯೇ ಇರುತ್ತದೆ. ಮಳೆಗೆ ನೇರ ಒಡ್ಡಿ ಹಾಕುವುದು ತಪ್ಪು.

ಜಾರುವ ಬಾಗಿಲಾದರೆ ಭಾರ ಮೇಲಿನ ಹಳಿಯಲ್ಲಿ ತೂಗುವಂಥದ್ದನ್ನು ಕೇಳಿ. ಕೆಳಗೆ ಹಳಿ ಇದ್ದರೆ ಅದರಲ್ಲಿ ಮಣ್ಣು, ಮಳೆಹುಳದ ರೆಕ್ಕೆ, ನೀರು ಎಲ್ಲ ಸೇರುತ್ತದೆ. ಜಾರುವ ಬಾಗಿಲಿನ ಇನ್ನೊಂದು ತೊಂದರೆ, ಎಷ್ಟೇ ಸರಿಸಿದರೂ ಅರ್ಧವೇ ತೆರೆಯುವುದು. ನಾನು ಕೊನೆಗೆ ಅದನ್ನು ತೆಗೆಸಿ ನಾಲ್ಕು ರೆಕ್ಕೆಯ ಮರದ ಬಾಗಿಲು ಹಾಕಿಸಿದೆ. ಎರಡೆರಡು ಮಡಚಿ ಗೋಡೆಗೆ ಒರಗಿಸಿದರೆ ಪೂರ್ತಿ ಬಾಯಿ ತೆರೆಯುತ್ತದೆ. ಹೊರಮುಖವಾಗಿ ತೆರೆಯುವ ಬಾಗಿಲಾದ್ದರಿಂದ ಗಾಳಿ ಜೋರಾದಷ್ಟೂ ಅದು ಚೌಕಟ್ಟಿಗೆ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ಸಂದಿಯಿಂದ ನೀರು ಬರುವುದಿಲ್ಲ. ಒಳಮುಖವಾಗಿ ತೆರೆಯುವ ಬಾಗಿಲನ್ನು ಅದೇ ಗಾಳಿ ನೂಕಿ ಸಂದಿ ಮಾಡುತ್ತದೆ.

ನೆಲದ ಮಟ್ಟದ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಒಳಗೂ ಹೊರಗೂ ಒಂದೇ ಮಟ್ಟವಿದ್ದರೆ ಚಿತ್ರದಲ್ಲಿ ಚೆಂದ. ನಮ್ಮಲ್ಲಿ ಜಗಲಿ ಚಾವಡಿಗಿಂತ ಎರಡು ಇಂಚು ಕೆಳಗಿರಲಿ, ಹೊರಗಡೆಗೆ ಎಂಟು ಅಡಿಗೆ ಒಂದು ಇಂಚಾದರೂ ವಾಟ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಎರಡು ಇಂಚೇ ಎಡವಲು ಸಾಕು. ಅಂಥಲ್ಲಿ ಮೆಟ್ಟಿಲಿನ ಬದಲು ಬಾಗಿಲಿನ ಹೊರಗೆ ಸಣ್ಣ ಇಳಿಜಾರು ಮಾಡಿ, ಅದರಾಚೆ ಜಾಲರಿ ಮುಚ್ಚಿದ ಒಂದು ಕಣಿ ಕೊಡಿ.

ಸೊಳ್ಳೆ ಬಲೆಯನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ಸಂಜೆ ಆರೂವರೆಗೆ ಬಾಗಿಲು ಹಾಕಲೇಬೇಕಾದರೆ ಒಳಗೂ ಹೊರಗೂ ಒಂದಾಗಿ ಏನು ಬಂತು, ಅಲ್ವಾ? ಹೊರಗೆ ಮರದ ರೆಕ್ಕೆ, ಒಳಗೆ ಬಲೆಯ ರೆಕ್ಕೆ, ಒಂದೇ ಚೌಕಟ್ಟಿಗೆ ಎರಡೂ ಬರುವಂತೆ ಆಚಾರಿಗೆ ಮೊದಲೇ ಹೇಳಿ. ಬಲೆ ಸ್ಟೀಲಿನದ್ದಾಗಲಿ. ಕುಂಬಳೆ, ಉಪ್ಪಳದಂಥ ಸಮುದ್ರದ ಬದಿಯಲ್ಲಿ ಸಾದಾ ಕಬ್ಬಿಣದ್ದು ಯಾವುದೂ ಬಾಳಿಕೆ ಬರುವುದಿಲ್ಲ.

ಐದು: ನಡು ಅಂಗಳ ನಿಜವಾಗಿ ಬೇಕಾ?

ಮಲಯಾಳದಲ್ಲಿ ನಡುಮುಟ್ಟಂ ಅನ್ನುತ್ತಾರೆ, ಘಟ್ಟದ ಮೇಲೆ ತೊಟ್ಟಿಮನೆ. ಈಗ ಹೊಸ ಮನೆಗಳಿಗೆಲ್ಲ ಅದೊಂದು ಶೋಕಿ. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಸುತ್ತ ತೋಟವಿದ್ದವರಿಗೆ ಅದು ಬೇಡ. ಹೊರಗೆ ಅಷ್ಟು ಜಾಗವಿಟ್ಟುಕೊಂಡು ಮನೆಯ ನಡುವೆ ತೂತು ಮಾಡಿ ಮಳೆಯನ್ನು ಕರೆಯುವುದು ಯಾಕೆ? ಆದರೆ ಕಾಸರಗೋಡು ಪೇಟೆಯಲ್ಲಿ, ಎರಡು ಬದಿಗೂ ಪಕ್ಕದ ಮನೆಯ ಪಾಗಾರವಿರುವ ಐದಾರು ಸೆಂಟ್ಸ್ ಜಾಗದಲ್ಲಿ ನಡು ಅಂಗಳದಷ್ಟು ಉಪಕಾರಿ ಬೇರೆ ಇಲ್ಲ. ಕಿಟಕಿ ತೆರೆದರೆ ಪಕ್ಕದವರ ಬಚ್ಚಲು ಕಾಣುವ ಕಡೆ ಬೆಳಕು ಬರಬೇಕಾದ್ದು ಮೇಲಿನಿಂದಲೇ.

ಮಾಡುವುದಾದರೆ ಸರಿಯಾಗಿ ಮಾಡಿ. ನಾಲ್ಕಡಿ ನಾಲ್ಕಡಿಯ ಬಾವಿಯಂಥದ್ದು ಬೇಡ, ಕನಿಷ್ಠ ಎಂಟಡಿ ಎಂಟಡಿ ಇರಲಿ. ನೆಲ ಸುತ್ತಲಿನ ಕೋಣೆಗಿಂತ ಒಂದಡಿ ತಗ್ಗಿರಲಿ. ಮಾಡಿನ ನೀರೆಲ್ಲ ಅಲ್ಲಿಗೇ ಸುರಿಯುವಂತೆ ಮಾಡಬೇಡಿ, ಮಾಡಿನಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ ಹೊರಗೆ ಒಯ್ಯಿರಿ. ನೀರು ಹೊರಗೆ ಹೋಗಲು ನಾಲ್ಕು ಇಂಚಿನ ಪೈಪ್ ಎರಡು ಇರಲಿ. ಒಂದು ಎಲೆ ಸಿಕ್ಕಿ ಕಟ್ಟಿಕೊಂಡರೆ ಇನ್ನೊಂದು ಬೇಕಲ್ಲ. ಮೇಲೆ ಗ್ರಿಲ್, ಗ್ರಿಲ್ ಮೇಲೆ ಬಲೆ. ಪಾರದರ್ಶಕ ಶೀಟ್ ಮುಚ್ಚುವವರು ಶೀಟನ್ನು ಒಂದಡಿ ಎತ್ತರಿಸಿ ನಾಲ್ಕೂ ಬದಿ ಗಾಳಿಗೆ ಬಿಡಿ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಅಡಿಕೆ ಅಲ್ಲೇ ಒಣಗಿಸಬಹುದು. ಸಣ್ಣ ಕೊಳ, ಕಾರಂಜಿ ಅಂತ ಹೇಳಿದರೆ ನಾನು ಡೆಂಗಿ ಅಂತ ಕೇಳಿಸಿಕೊಳ್ಳುತ್ತೇನೆ.

ಆರು: ಮಾಡು ಮತ್ತು ಅದರ ನೀರು

ನಮ್ಮ ಜಿಲ್ಲೆಯಲ್ಲಿ ಒಂದು ವಿಚಿತ್ರವಿದೆ. ಎಲ್ಲರೂ ಚಪ್ಪಟೆ ತಾರಸಿ ಹಾಕುತ್ತಾರೆ. ಮೂರನೇ ಮಳೆಗಾಲಕ್ಕೆ ಅದು ಜಿನುಗುತ್ತದೆ. ಆಮೇಲೆ ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹೊದೆಸುತ್ತಾರೆ. ಅಲ್ಲಿಗೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಮೊದಲೇ ಇಳಿಜಾರು ಮಾಡು ಹಾಕಿದರೆ ಈ ಸುತ್ತು ಇಲ್ಲ.

ಹಂಚು ನಮಗೆ ಹೊಸದಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕಿಂತ ಮೊದಲು ಮುಳಿಹುಲ್ಲು, ಅಡಿಕೆ ಸೋಗೆ. ಮೂರಕ್ಕೂ ಇಳಿಜಾರು ಬೇಕು, ಮೂರೂ ಉಸಿರಾಡುತ್ತವೆ. ಕೆಡವುವ ಹಳೆಮನೆಗಳ ಹಂಚು ಸಿಕ್ಕಿದರೆ ಬಿಡಬೇಡಿ. ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಠಣ್ ಅಂದರೆ ಒಳ್ಳೆಯದು, ಒಡಕು ದನಿ ಬಂದರೆ ಬದಿಗಿಡಿ. ಹಂಚು ಹೊರುವ ಪಕ್ಕಾಸು, ರೀಪಿಗೆ ಮರದ ಬದಲು ಕಬ್ಬಿಣದ ಪೈಪ್ ಹಾಕುವವರೇ ಈಗ ಹೆಚ್ಚು. ಗೆದ್ದಲಿನ ಕಾಟವಿಲ್ಲ ನಿಜ, ಆದರೆ ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಅದೇ ದಿನ ತುಕ್ಕುನಿರೋಧಕ ಬಳಿಯಬೇಕು. ಹಂಚಿನಡಿ ಇನ್ನೊಂದು ಸಾಲು ಸೀಲಿಂಗ್ ಹಂಚು ಕೂರಿಸಿದರೆ ಸೆಕೆ ಎಷ್ಟೋ ಕಡಿಮೆ, ಒಳಗಿನಿಂದ ನೋಡಲೂ ಚೆಂದ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ಮಾಡು ಅಂದರೆ 93 ಚದರ ಮೀಟರ್, ಅದರ ಮೇಲೆ ನಮ್ಮ ಒಂದು ವರ್ಷದ ಮಳೆ ಮೂರು ಲಕ್ಷ ಲೀಟರಿಗಿಂತ ಹೆಚ್ಚು. ಏಪ್ರಿಲಿನಲ್ಲಿ ಟ್ಯಾಂಕರಿಗೆ ಫೋನ್ ಮಾಡುವ ಊರಿನಲ್ಲಿ ಇಷ್ಟು ನೀರನ್ನು ಕಣಿಗೆ ಬಿಡುತ್ತೇವೆ! ದಂಬೆಗೆ ನೀರು ಹಿಡಿದು, ಮೊದಲ ಒಂದೆರಡು ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಇಳಿಸಿ. ದಂಬೆ ಸಣ್ಣದು ಮಾಡಬೇಡಿ. ಗಂಟೆಗೆ ನೂರು ಮಿಲಿಮೀಟರ್ ಲೆಕ್ಕದಲ್ಲಿ ಹೊಡೆಯುವ ಮಳೆಗೆ ಅದೇ ಸಾವಿರ ಚದರಡಿಯಿಂದ ನಿಮಿಷಕ್ಕೆ 150 ಲೀಟರಿಗೂ ಹೆಚ್ಚು ನೀರು ಬರುತ್ತದೆ.

ಜಗಲಿಯ ಎದುರು ಮಾತ್ರ ನಾನು ದಂಬೆ ಕಟ್ಟಿಲ್ಲ. ಅಲ್ಲಿ ಮಾಡಿನ ನೀರು ಸಾಲಾಗಿ ಅಂಗಳಕ್ಕೆ ಬೀಳಬೇಕು. ಬೀಳುವ ಗೆರೆಯಲ್ಲಿ ಎರಡಡಿ ಅಗಲಕ್ಕೆ ಉರುಟು ಕಲ್ಲು ಹಾಸಿದ್ದೇನೆ, ಕೆಸರು ಗೋಡೆಗೆ ಹಾರುವುದಿಲ್ಲ. ಇದೊಂದು ದುಂದು ಅಂತ ಬೇಕಾದರೆ ಹೇಳಿ. ಮಗಳು ಕಾಗದದ ದೋಣಿ ಬಿಡುವುದು ಅಲ್ಲೇ.

ಏಳು: ಗೋಡೆ, ನೆಲ

ಕೆಂಪುಕಲ್ಲಿಗೆ ಸಾರಣೆ ಹಾಕಲೇಬೇಕು ಅಂತಿಲ್ಲ. ಬೇಕಲ ಕೋಟೆ ನೋಡಿ. ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಕಟ್ಟಿದ ಕಲ್ಲು ಸಮುದ್ರದ ಗಾಳಿಗೆ ಮುಖ ಕೊಟ್ಟು ಇನ್ನೂ ನಿಂತಿದೆ. ಕೋರೆಯಿಂದ ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿದ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದ ಕಲ್ಲು ತಂದ ಮರುದಿನವೇ ಕಟ್ಟಲು ಹೊರಡಬೇಡಿ, ಕೆಲವು ತಿಂಗಳು ರಾಶಿ ಹಾಕಿಡಿ. ಜೇಡಿಯ ಬಿಳಿ ತುಂಡುಗಳು ಜಾಸ್ತಿ ಕಂಡ ಕಲ್ಲನ್ನು ಒಳಗೋಡೆಗೆ ತಳ್ಳಿ. ಸಾರಣೆ ಇಲ್ಲದ ಗೋಡೆ ಜಗಲಿಯ ನೆರಳಿನಲ್ಲಿದ್ದರೆ ಏನೂ ತೊಂದರೆಯಿಲ್ಲ. ಮಳೆಗೆ ನೇರ ಒಡ್ಡಿದ ಪಡು ಗೋಡೆಗೆ ಮಾತ್ರ ಸಾರಣೆ ಬೇಕು. ನೆಲದಿಂದ ಎರಡಡಿಯವರೆಗೆ ಎಲ್ಲ ಬದಿಗೂ ಕರಿಕಲ್ಲು ಕೊಟ್ಟರೆ ಕೆಸರು ಹಾರಿದ ಕಲೆ ಕಾಣುವುದಿಲ್ಲ. ಚಾವಡಿಯ ಒಂದು ಗೋಡೆಯನ್ನೂ ಹಾಗೇ ಬರಿಕಲ್ಲಿನಲ್ಲಿ ಬಿಟ್ಟರೆ ಜಗಲಿಯ ಗೋಡೆ ಒಳಗೆ ನಡೆದುಬಂದ ಹಾಗೆ ಕಾಣುತ್ತದೆ. ದುಬಾರಿ ಉಪಾಯವಲ್ಲ, ಉಳಿತಾಯದ್ದೇ.

ನೆಲಕ್ಕೂ ಅದೇ ಎಂಟಡಿಯ ಲೆಕ್ಕ ಬಳಸಿ. ಜಗಲಿಯ ಹೊರಗಿನ ನಾಲ್ಕಡಿ ಒದ್ದೆಯಾಗುವ ಜಾಗ, ಅಲ್ಲಿ ಒರಟು ಕಲ್ಲು. ಒಳಗಿನ ನಾಲ್ಕಡಿ ಒಣಗಿದ ಜಾಗ, ಅಲ್ಲಿ ಕಾವಿ (ರೆಡ್ ಆಕ್ಸೈಡ್) ನೆಲ. ಆ ಕಾವಿ ಬಾಗಿಲು ದಾಟಿ ಚಾವಡಿಯೊಳಗೂ ಹಾಗೇ ಮುಂದುವರಿಯಲಿ. ಕಾವಿ ಹಾಕಲು ಕೈ ಪಳಗಿದವರು ಈಗ ಕಡಿಮೆ, ಮೊದಲು ಆಳು ಹುಡುಕಿಕೊಂಡು ಆಮೇಲೆ ತೀರ್ಮಾನ ಮಾಡಿ. ನುಣುಪು ಟೈಲ್ಸ್ ಜಗಲಿಗೆ ಖಂಡಿತ ಬೇಡ.

ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸುವುದು ಈಗಿನ ರೋಗ. ಮಧ್ಯಾಹ್ನ ಕಾದು ರಾತ್ರಿವರೆಗೆ ಮನೆಗೆ ಸೆಕೆ ಊದುತ್ತದೆ, ನೀರು ಇಂಗುವುದಿಲ್ಲ, ಎರಡನೇ ಮಳೆಗಾಲಕ್ಕೆ ಹಾವಸೆ ಕಟ್ಟಿ ಜಾರುತ್ತದೆ. ಕಾರು ಬರುವ ದಾರಿಗೆ, ಅಡಿಕೆ ಹರವುವ ಜಾಗಕ್ಕೆ ಗಟ್ಟಿನೆಲ ಸಾಕು. ಉಳಿದದ್ದು ಮಣ್ಣಾಗಿಯೇ ಇರಲಿ.

ಎಂಟು: ಪಡು ಬದಿಗೆ ಹಸಿರು

ಪಡು ದಿಕ್ಕಿಗೆ ಅಡ್ಡ ನಿಲ್ಲುವಂಥದ್ದು ಬೇಕು ಅಂದೆನಲ್ಲ. ನನ್ನ ಉತ್ತರ ಬಸಳೆ ಚಪ್ಪರ. ಅಡುಗೆಮನೆಯ ಪಡು ಗೋಡೆಯಿಂದ ನಾಲ್ಕಡಿ ಬಿಟ್ಟು ಚಪ್ಪರವನ್ನು ಅಡ್ಡ ಹಾಕುವ ಬದಲು ನೆಟ್ಟಗೆ ನಿಲ್ಲಿಸಿ, ಬಳ್ಳಿ ಹತ್ತಿಸಿ. ಬೇಸಗೆಗೆ ದಟ್ಟ ನೆರಳು, ಪಾತ್ರೆ ತೊಳೆದ ನೀರೇ ಅದಕ್ಕೆ ಸಾಕು, ವಾರಕ್ಕೆರಡು ಸಲ ಬಸಳೆ ಬೆಂದಿ. ಮಳೆಗಾಲದಲ್ಲಿ ಬಳ್ಳಿ ಕೊಳೆತಾಗ ಅದೇ ಚೌಕಟ್ಟಿಗೆ ಮಡಲಿನ ತಟ್ಟಿ ಕಟ್ಟಿದರೆ ಎರಚಲು ನಿಲ್ಲುತ್ತದೆ. ನಮ್ಮ ವರ್ಕ್ ಏರಿಯಾ ಈ ಚಪ್ಪರಕ್ಕೂ ಗೋಡೆಗೂ ನಡುವೆಯೇ ಇದೆ: ಒಂದು ಕಟ್ಟೆ, ಒಂದು ನಲ್ಲಿ, ಕೊಚ್ಚಲು ತುರಿಯಲು ಜಾಗ.

ಮರ ನೆಡುವಾಗ ಹತ್ತು ವರ್ಷ ಮುಂದಿನದ್ದು ಯೋಚಿಸಿ. ತೆಂಗು ನೆಡುವಾಗ ಗಿಡದಿಂದ ಗಿಡಕ್ಕೆ ಏಳೂವರೆ ಮೀಟರ್ ಬಿಡುತ್ತೇವಲ್ಲ, ಮಾಡಿನ ಅಂಚಿನಿಂದಲೂ ಅಷ್ಟು ಬಿಟ್ಟರೆ ಹಂಚಿಗೆ ಕ್ಷೇಮ. ಹಲಸು, ಮಾವು ಇನ್ನೂ ದೂರ. ಜಗಲಿಯ ಹತ್ತಿರಕ್ಕೆ ಕೇಪಳ, ದಾಸವಾಳ. ಸ್ವಲ್ಪ ಆಚೆ ಒಂದು ರೆಂಜೆ ಮರ ಇದ್ದರೆ ಬೆಳಗ್ಗೆ ಹೂ ಹೆಕ್ಕಲು ಮಕ್ಕಳು ತಾವಾಗಿ ಅಂಗಳಕ್ಕೆ ಇಳಿಯುತ್ತಾರೆ. ಜಗಲಿಗೆ ತಾಗಿಕೊಂಡೇ ಪೊದೆ ಬೆಳೆಸಬೇಡಿ. ಹಾವು ಬಂದರೆ ಕಾಣಬೇಕು.

ಕರೆಂಟಿನ ವಿಷಯ ಚಿಕ್ಕದಾಗಿ

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಮಳೆಯ ಜೊತೆ ಬರುವ ಸಿಡಿಲು ನಮ್ಮಲ್ಲಿ ತಮಾಷೆಯಲ್ಲ. ಕಬ್ಬಿಣದ ಮಾಡಿನ ಚೌಕಟ್ಟಿಗೆ ಅರ್ತಿಂಗ್ ಕೊಡಲೇಬೇಕು. ಹೊರಗಿನ ಪ್ಲಗ್ಗುಗಳು ಮುಚ್ಚಳವಿರುವ ನೀರು ತಾಗದ ಬಗೆಯವಾಗಲಿ, ಇಡೀ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಲಿ. ಜಗಲಿಗೆ ಫ್ಯಾನ್ ಪಾಯಿಂಟ್ ಎರಡು ಇಟ್ಟರೆ ಸೊಳ್ಳೆಗೂ ಸೆಕೆಗೂ ಆಯಿತು. ದೀಪ ಹಳದಿ ಬಣ್ಣದ್ದಾಗಲಿ, ಬಿಳಿ ಬೆಳಕಿಗೆ ಮಳೆಹುಳ ಜಾಸ್ತಿ ಮುತ್ತುತ್ತದೆ.

ಕೆಲಸದ ಕ್ರಮ

ನವೆಂಬರಿನಲ್ಲಿ ಪಾಯ ತೆಗೆದು ಪತ್ತನಾಜೆಯ (ಮೇ ಕೊನೆಯ ಹೊತ್ತಿನ ತುಳುನಾಡಿನ ಆಚರಣೆ) ಒಳಗೆ ಮಾಡು ಮುಚ್ಚುವುದು ಊರಿನ ಹಳೆಯ ಲೆಕ್ಕ. ಈಗಲೂ ಅದೇ ಸರಿ. ಆದರೆ ದುಡ್ಡು ಹಂಚುವಾಗ ಒಂದು ಬದಲಾವಣೆ ಮಾಡಿ. ಸಾಮಾನ್ಯವಾಗಿ ಕೋಣೆಗಳಿಗೆಲ್ಲ ಖರ್ಚಾಗಿ ಉಳಿದದ್ದರಲ್ಲಿ ಹೊರಗಿನ ಕೆಲಸ ಮಾಡುತ್ತಾರೆ. ಉಳಿಯುವುದಿಲ್ಲ, ಜಗಲಿ ಐದಡಿಗೆ ಇಳಿಯುತ್ತದೆ. ಬೇಕಿದ್ದರೆ ಒಂದು ಬೆಡ್‌ರೂಮಿನ ಒಳಗೆಲಸ ಮುಂದಿನ ವರ್ಷಕ್ಕಿರಲಿ, ಕಪಾಟು ಆಮೇಲೆ ಬರಲಿ. ಮಾಡು ಮತ್ತು ಜಗಲಿಯ ಅಗಲ ಮಾತ್ರ ಮೊದಲೇ ಪೂರ್ತಿ ಆಗಬೇಕು, ಆಮೇಲೆ ಹಿಗ್ಗಿಸಲು ಬರುವುದಿಲ್ಲ.

ಜಗಲಿಯ ನೆಲ, ಅಂಗಳದ ಕಲ್ಲು, ದಳಿ ಈ ಮೂರನ್ನು ಮೊದಲ ಮಳೆಗಾಲ ಕಳೆಯುವ ತನಕ ಮುಗಿಸಬೇಡಿ. ಜಗಲಿಗೆ ಬರೀ ಸಿಮೆಂಟ್ ಹಾಕಿ ಬಿಡಿ. ಜೂನ್, ಜುಲೈಯಲ್ಲಿ ಜೋರು ಮಳೆ ಬಂದ ದಿನವೆಲ್ಲ ಒದ್ದೆ ಎಲ್ಲಿಯವರೆಗೆ ಬಂತೋ ಅಲ್ಲಿಗೆ ಇದ್ದಿಲಿನಲ್ಲಿ ಗೆರೆ ಎಳೆಯಿರಿ. ನನ್ನ ಲೆಕ್ಕದಲ್ಲಿ ನಾಲ್ಕಡಿ ಅಂತಿತ್ತು. ಹೊಸ ಜಗಲಿಯಲ್ಲಿ ತೆಂಕು ಮೂಲೆಯ ಗೆರೆ ಐದೂಕಾಲು ಅಡಿಗೆ ಬಂತು, ಬಡಗು ಬದಿಯದ್ದು ಮೂರನ್ನೂ ದಾಟಲಿಲ್ಲ. ಅಪ್ಪನ ಆರಾಮಕುರ್ಚಿಗೆ ಜಾಗ ಗುರುತಿಸಿದ್ದು ಆ ಗೆರೆ ನೋಡಿ. ದಳಿ ಎಷ್ಟು ಉದ್ದ ಬೇಕು ಅಂತ ಆಚಾರಿಗೆ ತೋರಿಸಿದ್ದೂ ಅದೇ ಗೆರೆಯನ್ನು.